ಎಂಜಿನ್ ನಿಂತರೂ ಒತ್ತಡ ನಿಲ್ಲುವುದಿಲ್ಲ: ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಕೆಲಸ

ಕಾಸರಗೋಡಿನ ಗ್ಯಾರೇಜುಗಳಿಗೆ ರಿಪೇರಿಗೆ ಬರುವ ಹೈಡ್ರಾಲಿಕ್ ಯಂತ್ರಗಳು ಒಂದೆರಡು ಬಗೆಯವಲ್ಲ. ಮುರಕಲ್ಲಿನ ಕೋರೆಯ ಹಿಟಾಚಿ, ಅಡಿಕೆ ತೋಟದಲ್ಲಿ ಅಗಳು ತೋಡುವ ಜೆಸಿಬಿ, ಹೊಯಿಗೆ-ಜಲ್ಲಿ ಸಾಗಿಸುವ ಟಿಪ್ಪರ್, ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕೆಲಸಕ್ಕೆ ಬಂದ, ಬಂಡೆ ಒಡೆಯುವ ಬ್ರೇಕರ್, ಹಾಳೆತಟ್ಟೆ ಒತ್ತುವ ಪ್ರೆಸ್ಸು. ಇವುಗಳ ಗಾತ್ರ ಬೇರೆ, ಕೆಲಸ ಬೇರೆ. ಬಿಚ್ಚಲು ಕೂತವನ ಕೈಗೆ ಕಾದಿರುವ ಅಪಾಯ ಮಾತ್ರ ಒಂದೇ. ಎಂಜಿನ್ ಆಫ್ ಮಾಡಿದೊಡನೆ ಸದ್ದು ನಿಲ್ಲುತ್ತದೆ, ಪಂಪು ನಿಲ್ಲುತ್ತದೆ, ಒತ್ತಡ ನಿಲ್ಲಬೇಕೆಂದಿಲ್ಲ. ಸಿಲಿಂಡರಿನಲ್ಲೋ ಹೋಸಿನಲ್ಲೋ ಒತ್ತಡ ಕೂಡಿಡುವ ಅಕ್ಯುಮುಲೇಟರಿನಲ್ಲೋ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿದಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಹಾಕುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಯಂತ್ರದಲ್ಲಿ ಒತ್ತಡ ಈಗ ಎಲ್ಲಿ ಉಳಿದಿದೆ?

250 ಬಾರ್ ಅಂದರೆ ಎಷ್ಟು

1 ಬಾರ್ ಅಂದರೆ 14.5 ಪಿಎಸ್‌ಐ, ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರಿಗೆ 1 ಕಿಲೋ ಭಾರ. ಲಾರಿ ಟಯರಿನಲ್ಲಿ 8 ಬಾರ್ ಆಸುಪಾಸು ಗಾಳಿ ಇರುತ್ತದೆ. ಬ್ಯಾಕ್‌ಹೋ ಲೋಡರಿನಲ್ಲಿ, ಅಂದರೆ ನಾವೆಲ್ಲ ಜೆಸಿಬಿ ಎನ್ನುವ ಯಂತ್ರದಲ್ಲಿ, ಒತ್ತಡ ಮಿತಿ ಮೀರದಂತೆ ತಡೆಯುವ ಮುಖ್ಯ ರಿಲೀಫ್ ವಾಲ್ವು ಸುಮಾರು 250 ಬಾರಿಗೆ ಸೆಟ್ ಆಗಿರುತ್ತದೆ. 20 ಟನ್ನಿನ ಹಿಟಾಚಿಯಲ್ಲಿ 350 ಬಾರ್ ಹತ್ತಿರ. ಹ್ಯಾಂಡ್ ಪಂಪಿನಿಂದ ನಡೆಯುವ ಬೇರಿಂಗ್ ಪುಲ್ಲರ್, ಚಿಕ್ಕ ಪ್ರೆಸ್ಸುಗಳಲ್ಲಿ 700 ಬಾರಿನವೂ ಇವೆ. ಕೈಯಲ್ಲಿ ಒತ್ತುವ ಗ್ರೀಸ್ ಗನ್ನು ಕೂಡ 300 ಬಾರ್ ದಾಟುತ್ತದೆ. ‘ಸಣ್ಣ ಸಾಮಾನು, ಏನೂ ಆಗುವುದಿಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ. 100 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರಿನ ವಿಸ್ತೀರ್ಣ 78.5 ಚದರ ಸೆಂ.ಮೀ. 200 ಬಾರಿನಲ್ಲಿ ಅದು ದೂಡುವ ಬಲ ಸುಮಾರು 16 ಟನ್ನು. ಅದೇ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಹೊರಬಂದರೆ ಬಲದ ಬದಲು ವೇಗ ಸಿಗುತ್ತದೆ. 250 ಬಾರಿನಲ್ಲಿ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 240 ಮೀಟರ್. ಗಂಟೆಗೆ 860 ಕಿ.ಮೀ. ಜಜ್ಜುವುದು ಮೊದಲನೆಯದರ ಅಪಾಯ, ಚುಚ್ಚುವುದು ಎರಡನೆಯದರದ್ದು. ಜಜ್ಜುವ ಅಪಾಯ ಎಲ್ಲರಿಗೂ ಗೊತ್ತು. ಚುಚ್ಚುವ ಅಪಾಯ ಗೊತ್ತಿರುವವರು ಕಡಿಮೆ. ಕೈ ಕಳೆದುಕೊಳ್ಳುವುದು ಇದರಲ್ಲೂ ಉಂಟು, ಅದಕ್ಕೇ ಮೊದಲು ಅದನ್ನು ಹೇಳುತ್ತೇವೆ.

ಎಣ್ಣೆ ಚರ್ಮದೊಳಗೆ ಹೋದರೆ

ಅಖಂಡ ಚರ್ಮವನ್ನು ತೂರಲು ಸುಮಾರು 7 ಬಾರ್ ಒತ್ತಡ ಸಾಕು. ಹೋಸಿನ ಹೊರಮೈಯಲ್ಲಿ ಮಂಜಿನಂತೆ ಎಣ್ಣೆ ಹಾರುತ್ತಿದೆ, ಎಲ್ಲಿಂದ ಎಂದು ಕಾಣುವುದಿಲ್ಲ. ಕೆಲಸಗಾರ ಬೆರಳು ಆಡಿಸಿ ನೋಡುತ್ತಾನೆ. ಇರುವೆ ಕಚ್ಚಿದಂತೆ ಚುರ್ ಎನ್ನುತ್ತದೆ. ಸಣ್ಣ ಕೆಂಪು ಚುಕ್ಕೆ, ಒಂದು ಹನಿ ರಕ್ತವೂ ಇಲ್ಲದಿರಬಹುದು. ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಅಷ್ಟರಲ್ಲಿ ಎಣ್ಣೆ ಬೆರಳಿನ ಸ್ನಾಯುರಜ್ಜುವಿನ ಕವಚದ ಒಳಗೆ ದಾರಿ ಮಾಡಿಕೊಂಡು ಅಂಗೈಗೆ, ಮುಂಗೈಗೆ ಏರಿರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಊತ, ತಡೆಯಲಾಗದ ನೋವು, ಬೆರಳು ಬಿಳಿಚಿಕೊಳ್ಳುವುದು. ಎಣ್ಣೆಯ ರಾಸಾಯನಿಕಗಳು ಒಳಗಿನ ಮಾಂಸವನ್ನು ಸುಡುತ್ತವೆ. ಊತವೇ ರಕ್ತನಾಳಗಳನ್ನು ಅಮುಕಿ ರಕ್ತ ಹೋಗದಂತೆ ಮಾಡುತ್ತದೆ. ಅಧಿಕ ಒತ್ತಡದ ಇಂಥ ಗಾಯಗಳಲ್ಲಿ ಸುಮಾರು ಶೇ 30ರಷ್ಟು ಬೆರಳೋ ಕೈಯ ಭಾಗವೋ ಕತ್ತರಿಸುವಲ್ಲಿಗೆ ಮುಗಿದಿವೆ ಎಂದು ವೈದ್ಯಕೀಯ ವರದಿಗಳು ಹೇಳುತ್ತವೆ. ಹೆಚ್ಚಾಗಿ ಗಾಯವಾಗುವುದು ಎಡಗೈಯ ತೋರುಬೆರಳಿಗೆ, ಏಕೆಂದರೆ ಬಲಗೈಯಲ್ಲಿ ಸ್ಪ್ಯಾನರ್ ಇರುತ್ತದೆ, ಎಡಗೈ ಹುಡುಕುತ್ತಿರುತ್ತದೆ.

ಇದು ಶಸ್ತ್ರಚಿಕಿತ್ಸೆಯ ತುರ್ತು. ಚುಕ್ಕೆ ಎಷ್ಟೇ ಚಿಕ್ಕದಿರಲಿ, ನೋವು ಇಲ್ಲದಿರಲಿ, ಕೂಡಲೇ ಹೊರಡಬೇಕು. 6 ಗಂಟೆಯೊಳಗೆ ಆಪರೇಷನ್ ಆದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಈ 6 ಗಂಟೆ ದೊಡ್ಡ ಸಮಯವಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ 50 ಕಿ.ಮೀ. ಸುಮಾರು, ಮುಳ್ಳೇರಿಯ, ಅಡೂರು ಕಡೆಯವರಿಗೆ ದಾರಿ ಇನ್ನೂ ಉದ್ದ. ಹತ್ತಿರದ ಕ್ಲಿನಿಕ್ಕಿನಲ್ಲಿ ಮುಲಾಮು, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ‘ನಾಳೆ ನೋಡುವ’ ಎಂದರೆ ಆ ರಾತ್ರಿಯಲ್ಲೇ ಕೈ ಹೋಗಬಹುದು. ಕೈ ಅಥವಾ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ದಾರಿಯಲ್ಲಿರುವಾಗಲೇ ವಿಷಯ ತಿಳಿಸಬೇಕು.

ಆಸ್ಪತ್ರೆಯಲ್ಲಿ ‘ಏನೋ ತಾಗಿತು’ ಎನ್ನಬೇಡಿ. ‘ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಚರ್ಮದ ಒಳಗೆ ನುಗ್ಗಿದೆ’ ಎಂದೇ ಹೇಳಿ. ಎಷ್ಟು ಬಾರ್, ಎಷ್ಟು ಹೊತ್ತಿಗೆ ಆಯಿತು, ಯಾವ ಎಣ್ಣೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಣ್ಣೆಯ ಡಬ್ಬದ ಲೇಬಲ್ಲಿನ ಫೋಟೋ ಫೋನಿನಲ್ಲಿರಲಿ. ದಾರಿಯಲ್ಲಿ ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ. ಉಂಗುರ, ವಾಚು ತೆಗೆಯಿರಿ. ಹಿಂಡಬಾರದು, ತಿಕ್ಕಬಾರದು, ಬಿಗಿಯಾಗಿ ಕಟ್ಟಬಾರದು, ಮಂಜುಗಡ್ಡೆ ಇಡಬಾರದು. ಆಪರೇಷನ್ ಆಗುವ ಸಂಭವ ಇರುವುದರಿಂದ ಊಟ, ಚಹಾ ಬೇಡ. ಕೆಲಸದ ಕೈಗವಸು ಹಾಕಿದ್ದೆನಲ್ಲ ಎಂಬ ಸಮಾಧಾನ ಸುಳ್ಳು. ಚರ್ಮದ ಗ್ಲೌಸೂ ರಬ್ಬರ್ ಗ್ಲೌಸೂ ಈ ಜೆಟ್ಟನ್ನು ತಡೆಯುವುದಿಲ್ಲ.

ಡೀಸೆಲ್ ಇಂಜೆಕ್ಟರ್ ಪರೀಕ್ಷಿಸುವವರಿಗೂ ಇದೇ ಮಾತು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 1600 ಬಾರ್ ದಾಟುತ್ತದೆ. ಯಂತ್ರ ತೊಳೆಯುವ ಪ್ರೆಶರ್ ವಾಷರಿನ ನೀರೂ ಚರ್ಮ ತೂರುತ್ತದೆ.

ಸೋರಿಕೆ ಹುಡುಕುವುದಿದ್ದರೆ ಮೊದಲು ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಎಣ್ಣೆ-ಮಣ್ಣು ಒರೆಸಿ. ಒಣ ಹೋಸಿನ ಮೇಲೆ ಹೊಸ ಎಣ್ಣೆ ಎಲ್ಲಿ ಒಸರುತ್ತದೆಂದು ಆಮೇಲೆ ತಿಳಿಯುವುದು ಸುಲಭ. ಎಷ್ಟೋ ಸೋರಿಕೆ ಹೀಗೇ ಸಿಕ್ಕಿಬಿಡುತ್ತದೆ. ಒತ್ತಡ ಇರುವಾಗಲೇ ನೋಡಬೇಕಾದರೆ ಉದ್ದದ ಕೋಲಿಗೆ ರಟ್ಟು ಸಿಕ್ಕಿಸಿ ಹೋಸಿನ ಪಕ್ಕ ಆಡಿಸಿ. ಜೆಟ್ ತಾಗಿದಲ್ಲಿ ರಟ್ಟು ತೂತಾಗುತ್ತದೆ ಅಥವಾ ಒದ್ದೆಯಾಗುತ್ತದೆ. ರಟ್ಟನ್ನು ಅಂಗೈಯಲ್ಲಿ ಹಿಡಿಯುವುದು ಬೇಡ. ರಟ್ಟನ್ನು ತೂರಿದ ಎಣ್ಣೆ ಅದರ ಹಿಂದಿನ ಕೈಯನ್ನೂ ತೂರುತ್ತದೆ. ಕಣ್ಣಿಗೆ ಪಕ್ಕ ಮುಚ್ಚಿದ ಕನ್ನಡಕ ಇರಲೇಬೇಕು. ಸೋರುವ ಫಿಟ್ಟಿಂಗನ್ನು ಒತ್ತಡದಲ್ಲೇ ಬಿಗಿ ಮಾಡಲು ಹೋಗಬೇಡಿ. ಒಳಗೆ ಬಿರುಕು ಬಿಟ್ಟ ನಟ್ಟು ಆ ಕಾಲು ಸುತ್ತಿನಲ್ಲೇ ಕಿತ್ತು ಹಾರುತ್ತದೆ.

ಒತ್ತಡ ಇಳಿಸುವ ಕ್ರಮ

ಯಂತ್ರವನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬಕೆಟು, ಲೋಡರ್, ಸ್ಟೆಬಿಲೈಸರ್ ಕಾಲುಗಳು, ಬ್ಲೇಡು, ಏನೇನು ಎತ್ತಿ ನಿಲ್ಲುತ್ತದೋ ಅದೆಲ್ಲ ನೆಲಕ್ಕೆ ಊರಬೇಕು. ನೆಲ ಹೊತ್ತ ಭಾರ ಎಣ್ಣೆಯ ಮೇಲೆ ಇರುವುದಿಲ್ಲ. ಎಂಜಿನ್ ನಿಲ್ಲಿಸಿ. ಜೆಸಿಬಿಯ ಹಳೇ ಮಾದರಿಯ ಯಾಂತ್ರಿಕ ಲಿವರುಗಳಾದರೆ ಪ್ರತಿ ಲಿವರನ್ನೂ ಎಲ್ಲ ದಿಕ್ಕಿಗೂ ನಾಲ್ಕೈದು ಸಲ ಪೂರ್ತಿ ಆಡಿಸಿ. ಹಿಟಾಚಿಯಲ್ಲಿ ಲಿವರ್ ನೇರವಾಗಿ ವಾಲ್ವನ್ನು ದೂಡುವುದಿಲ್ಲ. ಪೈಲಟ್ ಒತ್ತಡ, ಅಂದರೆ ಬೇರೆ ಸಣ್ಣ ಲೈನಿನ ಎಣ್ಣೆಯ ಒತ್ತಡ, ಅದನ್ನು ದೂಡುತ್ತದೆ. ಎಂಜಿನ್ ನಿಂತ ಮೇಲೆ ಆ ಪೈಲಟ್ ಒತ್ತಡ ಒಂದು ಸಣ್ಣ ಅಕ್ಯುಮುಲೇಟರಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸಿ ಸುಮಾರು 15 ಸೆಕೆಂಡಿನೊಳಗೆ ಕೀ ಮತ್ತೆ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಸೇಫ್ಟಿ ಲಿವರ್ ಬಿಡಿಸಿ, ಎರಡೂ ಜಾಯ್‌ಸ್ಟಿಕ್ ಮತ್ತು ಪೆಡಲುಗಳನ್ನು ಎಲ್ಲ ದಿಕ್ಕಿಗೂ ಆಡಿಸಬೇಕು. ಕೀ ಆಫ್ ಇಟ್ಟು ಜಾಯ್‌ಸ್ಟಿಕ್ ಆಡಿಸಿದರೆ ಕೈಗೆ ವ್ಯಾಯಾಮ ಆದೀತು, ಒತ್ತಡ ಇಳಿಯುವುದಿಲ್ಲ. ಬ್ರೇಕರ್ ಕೂರಿಸಿದ ಯಂತ್ರವಾದರೆ ಅದರ ಪೆಡಲನ್ನು ಮರೆಯುವವರೇ ಹೆಚ್ಚು.

ಅನಂತರ ಟ್ಯಾಂಕಿಯ ಬ್ರೀದರ್ (ಗಾಳಿಯಾಡುವ ಮುಚ್ಚಳ) ಗುಂಡಿ ಒತ್ತಿ ಗಾಳಿ ಬಿಡಿಸಿ. ಟ್ಯಾಂಕಿಯಲ್ಲಿ ಇರುವ ಒತ್ತಡ ಕಡಿಮೆಯೇ, ಆದರೆ 80 ಡಿಗ್ರಿ ಬಿಸಿ ಎಣ್ಣೆಯನ್ನು ಮುಖಕ್ಕೆ ಚಿಮ್ಮಿಸಲು ಅಷ್ಟು ಸಾಕು. ಎಣ್ಣೆ 50 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಕಾಯಿರಿ. ಕೀಯನ್ನು ತೆಗೆದು ಬಿಚ್ಚುವವನ ಕಿಸೆಯಲ್ಲೇ ಇಡಬೇಕು, ಡ್ರೈವರನ ಕೈಯಲ್ಲಲ್ಲ. ನಮ್ಮ ಗ್ಯಾರೇಜುಗಳಲ್ಲಿ ಮೇಸ್ತ್ರಿ ತುಳು ಮಾತಾಡುತ್ತಾನೆ, ಡ್ರೈವರ್ ಮಲಯಾಳ, ಹೆಲ್ಪರ್ ಹಿಂದಿ ಅಥವಾ ಬಂಗಾಳಿ. ‘ಸ್ಟಾರ್ಟ್ ಮಾಡಬೇಡ’ ಎಂದದ್ದು ‘ಸ್ಟಾರ್ಟ್ ಮಾಡು’ ಎಂದು ಕೇಳಿಸುವುದಕ್ಕೆ ಇಷ್ಟು ಸಾಕು. ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಿ, ಕೀ ಕಿಸೆಗೆ ಹಾಕಿ, ಕೈಸನ್ನೆಗಳನ್ನು ಕೆಲಸಕ್ಕೆ ಮೊದಲೇ ಎಲ್ಲರೂ ಒಪ್ಪಿಕೊಂಡಿದ್ದರೆ ಭಾಷೆ ಅಡ್ಡಬರುವುದಿಲ್ಲ.

ಕೊನೆಗೆ ಗೇಜು. ಹೆಚ್ಚಿನ ಯಂತ್ರಗಳಲ್ಲಿ ಕ್ಯಾಪ್ ಬಿಚ್ಚಿ ಸಣ್ಣ ಹೋಸ್ ಸಿಕ್ಕಿಸುವ ಟೆಸ್ಟ್ ಪಾಯಿಂಟ್ ಇರುತ್ತದೆ, 16 ಮಿ.ಮೀ. ಮೆಟ್ರಿಕ್ ಥ್ರೆಡ್ಡಿನದು ಸಾಮಾನ್ಯ. 250 ಬಾರ್ ಯಂತ್ರಕ್ಕೆ 400 ಬಾರಿನ, 350 ಬಾರಿನದಕ್ಕೆ 600 ಬಾರಿನ ಗ್ಲಿಸರಿನ್ ತುಂಬಿದ ಗೇಜು ಬೇಕು. ಸೊನ್ನೆ ತೋರಿಸಿದರೂ ಆ ಸೊನ್ನೆ ಗೇಜು ಕೂತ ಲೈನಿಗೆ ಮಾತ್ರ. ನೀವು ಬಿಚ್ಚುವ ಹೋಸ್ ಬೇರೆ ಲೈನಿನದಾದರೆ ಅಲ್ಲಿ ಏನಿದೆಯೆಂದು ಅದು ಹೇಳುವುದಿಲ್ಲ. ಹಾಗಾಗಿ ನಟ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಮುಖ-ಮೈ ಪಕ್ಕಕ್ಕೆ ಇಟ್ಟುಕೊಂಡು, ಹನಿ ನಿಲ್ಲುವವರೆಗೆ ಕಾದು, ಹೋಸನ್ನು ಅಲ್ಲಾಡಿಸಿ ನೋಡಿ ಆಮೇಲೆ ಪೂರ್ತಿ ಬಿಚ್ಚಿ. ಒತ್ತಡ ಇದ್ದರೆ ನಟ್ಟು ಅಸಹಜವಾಗಿ ಬಿಗಿಯಾಗಿರುತ್ತದೆ, ಹೋಸು ಮರದ ಕೊಂಬೆಯಂತೆ ಗಟ್ಟಿ ಇರುತ್ತದೆ. ಅಂಥದ್ದಕ್ಕೆ ಉದ್ದ ಪೈಪು ಹಾಕಿ ಬಲ ಪ್ರಯೋಗಿಸಬೇಡಿ; ನಿಲ್ಲಿಸಿ, ಮತ್ತೆ ಲಿವರ್ ಆಡಿಸಿ.

ಒತ್ತಡ ಅಡಗುವ ಜಾಗಗಳು

ಮೇಲಿನ ಕ್ರಮದಲ್ಲೂ ಇಳಿಯದ ಒತ್ತಡ ಇರುತ್ತದೆ. ಬೂಮ್ ಸಿಲಿಂಡರಿಗೆ ಕೂರಿಸಿದ ಹೋಸ್-ಬರ್ಸ್ಟ್ ವಾಲ್ವು, ಸ್ಟೆಬಿಲೈಸರಿನ ಲಾಕ್ ವಾಲ್ವು ಇವುಗಳ ಕೆಲಸವೇ ಹೋಸ್ ತುಂಡಾದರೂ ಭಾರ ಕೆಳಗೆ ಬೀಳದಂತೆ ಎಣ್ಣೆಯನ್ನು ಸಿಲಿಂಡರಿನಲ್ಲೇ ಹಿಡಿದಿಡುವುದು. ಹೋಸ್ ಬಿಚ್ಚಿ ಒಣಗಿದ್ದರೂ ವಾಲ್ವಿನ ಆಚೆ 200 ಬಾರ್ ಇರಬಹುದು. ಆ ವಾಲ್ವನ್ನು ಸಿಲಿಂಡರಿನಿಂದ ಬಿಚ್ಚುವವನು ಮೊದಲು ಭಾರಕ್ಕೆ ಬೇರೆ ಆಧಾರ ಕೊಟ್ಟಿರಬೇಕು.

ಅಕ್ಯುಮುಲೇಟರ್ ಎಂದರೆ ಒಂದು ಬದಿ ನೈಟ್ರೋಜನ್, ಇನ್ನೊಂದು ಬದಿ ಎಣ್ಣೆ, ನಡುವೆ ರಬ್ಬರ್ ಪೊರೆ ಅಥವಾ ಪಿಸ್ಟನ್. ಎಣ್ಣೆ ಬಹಳ ಅಮುಕುವುದಿಲ್ಲ, ಅನಿಲ ಅಮುಕುತ್ತದೆ. ಆದ್ದರಿಂದ ಶಕ್ತಿ ಉಳಿಯುವುದು ಇಲ್ಲಿ. ವೀಲ್ ಲೋಡರಿನ ಬ್ರೇಕು, ರೈಡ್ ಕಂಟ್ರೋಲ್, ಪೈಲಟ್ ಲೈನು, ಬ್ರೇಕರಿನ ಮೈ, ಈ ಎಲ್ಲ ಕಡೆ ಇರುತ್ತದೆ. ಎಣ್ಣೆಯ ಬದಿ ಖಾಲಿಯಾದರೂ ನೈಟ್ರೋಜನ್ ಹಾಗೇ ಇರುತ್ತದೆ. ಬ್ರೇಕರಿನ ಬ್ಯಾಕ್ ಹೆಡ್ಡಿನ (ಅನಿಲ ತುಂಬಿದ ಹಿಂಭಾಗದ) ಬೋಲ್ಟು ಬಿಚ್ಚುವ ಮೊದಲು ಅದರ ಗ್ಯಾಸ್ ವಾಲ್ವಿನಿಂದ ಅನಿಲವನ್ನು ಪೂರ್ತಿ ಹೊರಬಿಡಬೇಕು. ತುಂಬುವಾಗ ಒಣ ನೈಟ್ರೋಜನ್ ಒಂದೇ. ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸ್ ಕಟಿಂಗಿನ ಆಕ್ಸಿಜನ್ ಸಿಲಿಂಡರ್ ಕೈಗೆಟಕುವಂತೆ ನಿಂತಿರುತ್ತದೆ, ನೈಟ್ರೋಜನ್ ತರಿಸಲು ಮಂಗಳೂರಿಗೆ ಹೋಗಬೇಕು. ಆದರೂ ಆಕ್ಸಿಜನ್ ಹಾಕಬಾರದು, ಎಂದೆಂದಿಗೂ. ಒತ್ತಡದ ಆಕ್ಸಿಜನ್ ಎಣ್ಣೆಯನ್ನು ಮುಟ್ಟಿದರೆ ಕಿಡಿ ಇಲ್ಲದೆಯೂ ಸ್ಫೋಟವಾಗುತ್ತದೆ. ಕಂಪ್ರೆಸರ್ ಗಾಳಿಯಲ್ಲೂ ಆಕ್ಸಿಜನ್ ಇರುವುದರಿಂದ ಅದೂ ಬೇಡ. ಅಕ್ಯುಮುಲೇಟರಿನ ಮೈಗೆ ವೆಲ್ಡಿಂಗ್, ಡ್ರಿಲ್ಲಿಂಗ್ ಮಾಡಲೇಬಾರದು.

ಹಿಟಾಚಿಯ ಚೈನು ಬಿಗಿ ಮಾಡುವ ಗ್ರೀಸ್ ಸಿಲಿಂಡರ್ ಇನ್ನೊಂದು. ಚೈನು ಸಡಿಲಿಸಲು ಅದರ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗ್ರೀಸ್ ಬರುವುದಿಲ್ಲವೆಂದು ಇನ್ನೂ ಬಿಚ್ಚುತ್ತಾ ಹೋದರೆ ವಾಲ್ವೇ ಗುಂಡಿನಂತೆ ಹಾರುತ್ತದೆ. ಯಂತ್ರವನ್ನು ಸ್ವಲ್ಪ ಹಿಂದೆ-ಮುಂದೆ ಓಡಿಸಿದರೆ ಕಟ್ಟಿದ ಗ್ರೀಸ್ ತಾನಾಗಿ ಹೊರಬರುತ್ತದೆ. ಆ ತೂತಿನ ಎದುರು ಬಗ್ಗಿ ನೋಡುವುದು ಬೇಡ.

ಕೊನೆಯದು ಬಿಸಿಲು. ಎರಡೂ ತುದಿ ಮುಚ್ಚಿದ ಸಿಲಿಂಡರಿನಲ್ಲಿ, ಕ್ವಿಕ್ ಕಪ್ಲರ್ ಬಿಚ್ಚಿಟ್ಟ ಬ್ರೇಕರ್ ಹೋಸಿನಲ್ಲಿ ತುಂಬಿ ನಿಂತ ಎಣ್ಣೆಗೆ ಹಿಗ್ಗಲು ಜಾಗವಿಲ್ಲ. ಪ್ರತಿ ಡಿಗ್ರಿ ಉಷ್ಣತೆ ಏರಿದಂತೆ ಒತ್ತಡ 10 ಬಾರ್ ಸುಮಾರು ಏರಬಹುದು. ಬೆಳಿಗ್ಗೆ ಸೊನ್ನೆ ಇದ್ದದ್ದು ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ 200 ಬಾರ್ ಆಗಲು 20 ಡಿಗ್ರಿ ಏರಿದರಾಯಿತು. ಕಪ್ಲರ್ ಸೇರುವುದಿಲ್ಲವೆಂದು ಅದರ ಮೂತಿಗೆ ಸುತ್ತಿಗೆಯಿಂದ ಬಡಿಯುವ ಅಭ್ಯಾಸ ಇದೆ. ಆ ಏಟಿಗೆ ಹೊರಚಿಮ್ಮುವ ಎಣ್ಣೆ ಹಿಡಿದ ಕೈಗೇ ಹೋಗುತ್ತದೆ. ನೆರಳಿಗೆ ತಂದು ತಣಿಯಲು ಬಿಡಿ.

ಎತ್ತಿದ ಭಾರದ ಕೆಳಗೆ

ಟಿಪ್ಪರಿನ ಬಾಡಿಯನ್ನು ಎತ್ತಿ ಕೆಳಗೆ ಹೋಗಿ ಕೆಲಸ ಮಾಡುವಾಗ ಸಿಲಿಂಡರನ್ನು ನಂಬಬಾರದು. ಟೆಲಿಸ್ಕೋಪಿಕ್ ಸಿಲಿಂಡರಿಗೆ ಎಣ್ಣೆ ಒಂದೇ ಬದಿಯಿಂದ. ಬಾಡಿ ಇಳಿಯುವುದು ತನ್ನದೇ ಭಾರಕ್ಕೆ. ಹೋಸ್ ಬಿಚ್ಚಿದರೆ ಎಣ್ಣೆ ಎಷ್ಟು ಬೇಗ ಹೊರಹೋಗುತ್ತದೋ ಅಷ್ಟೇ ಬೇಗ ಬಾಡಿ ಕೆಳಗೆ ಬರುತ್ತದೆ. ಖಾಲಿ ಬಾಡಿಯೂ ಟನ್ನುಗಟ್ಟಲೆ ತೂಗುತ್ತದೆ. ಕಂಪೆನಿ ಕೊಟ್ಟ ಕಬ್ಬಿಣದ ಪ್ರಾಪನ್ನು ಅದರ ಜಾಗಕ್ಕೇ ಕೊಡಬೇಕು, ಬಾಡಿ ಖಾಲಿ ಇರುವಾಗ ಮಾತ್ರ. ತೆಂಗಿನ ದಿಮ್ಮಿ, ಮುರಕಲ್ಲು ಕೊಟ್ಟು ಒಳಗೆ ನುಸಿಯುವವರನ್ನು ತಡೆಯುವುದು ಗ್ಯಾರೇಜು ನಡೆಸುವವರ ಹೊಣೆ. ಮುರಕಲ್ಲು ಗೋಡೆಗೆ ಚೆನ್ನ. ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಪುಡಿಯಾಗುತ್ತದೆ, ಅದೂ ಮಳೆಯಲ್ಲಿ ನೆಂದದ್ದು. ಜೆಸಿಬಿಯ ಲೋಡರ್ ಕೈಗೆ ಸಿಲಿಂಡರ್ ರಾಡಿನ ಮೇಲೆ ಕೂರುವ ಸೇಫ್ಟಿ ಸ್ಟ್ರಟ್ ಯಂತ್ರದ ಜೊತೆಗೇ ಬಂದಿರುತ್ತದೆ. ಅದು ಕಳೆದುಹೋಗಿದ್ದರೆ ಮಾಡಿಸಿಕೊಳ್ಳಿ. ಬಾಟಲ್ ಜಾಕಿಯ ಕೆಲಸ ಎತ್ತುವುದು. ಹಿಡಿದು ನಿಲ್ಲಿಸುವುದು ಸ್ಟ್ಯಾಂಡಿನ ಕೆಲಸ.

ಸಿಲಿಂಡರ್ ಬಿಚ್ಚುವಾಗಿನ ಎರಡು ತಪ್ಪು

ಸೀಲು ಬದಲಿಸಲು ಬಂದ ಸಿಲಿಂಡರಿನಿಂದ ರಾಡ್ ಹೊರಬರುವುದಿಲ್ಲ, ಕಂಪ್ರೆಸರ್ ಗಾಳಿ ಕೊಟ್ಟು ಹೊರದೂಡೋಣ ಎನ್ನುವುದು ಮೊದಲನೆಯ ತಪ್ಪು. 8 ಬಾರ್ ಗಾಳಿ 100 ಮಿ.ಮೀ. ಪಿಸ್ಟನ್ನಿನ ಮೇಲೆ 640 ಕಿಲೋ ಬಲ ಹಾಕುತ್ತದೆ. ಅಂಟಿಕೊಂಡ ಪಿಸ್ಟನ್ ಸಡಿಲಾದ ಕ್ಷಣ ಅಮುಕಿದ ಗಾಳಿಯೆಲ್ಲ ಹಿಗ್ಗಿ ರಾಡನ್ನು ಗ್ಯಾರೇಜಿನ ಆಚೆ ಗೋಡೆಗೆ ಎಸೆಯುತ್ತದೆ. ಹ್ಯಾಂಡ್ ಪಂಪಿನಿಂದ ಎಣ್ಣೆ ಕೊಟ್ಟು ದೂಡಿ. ಎಣ್ಣೆ ಹಿಗ್ಗುವುದು ಅತಿ ಸ್ವಲ್ಪವಾದ್ದರಿಂದ ಪಿಸ್ಟನ್ ಕದಲಿದ ಕೂಡಲೇ ಒತ್ತಡ ಬೀಳುತ್ತದೆ, ರಾಡ್ ನಿಧಾನ ಬರುತ್ತದೆ. ಅದಕ್ಕೆ ಮೊದಲು ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು ಎಣ್ಣೆ ತುಂಬಿರಬೇಕು.

ಎರಡನೆಯದು ಸೂಕ್ಷ್ಮ, ಅನುಭವಸ್ಥರೂ ಎಡವುವುದು ಇಲ್ಲಿ. ಸೀಲ್ ಪರೀಕ್ಷಿಸಲು ರಾಡಿನ ಬದಿಯ ಪೋರ್ಟಿಗೆ ಪ್ಲಗ್ ಹಾಕಿ ಬೋರಿನ ಬದಿಗೆ ಒತ್ತಡ ಕೊಡುವುದು. 100 ಮಿ.ಮೀ. ಬೋರು, 70 ಮಿ.ಮೀ. ರಾಡು ಎಂದಿಟ್ಟುಕೊಳ್ಳಿ. ಬೋರಿನ ಬದಿ 78.5 ಚದರ ಸೆಂ.ಮೀ., ರಾಡಿನ ಬದಿ ಉಳಿಯುವುದು 40 ಮಾತ್ರ. ಬಲ ಸಮವಾಗಬೇಕಾದರೆ ರಾಡಿನ ಬದಿಯ ಒತ್ತಡ ಹತ್ತಿರಹತ್ತಿರ ಎರಡು ಪಟ್ಟಾಗಬೇಕು. 250 ಬಾರ್ ಕೊಟ್ಟರೆ ಆಚೆ 490 ಬಾರ್ ಏಳುತ್ತದೆ. ಗ್ಲ್ಯಾಂಡು (ರಾಡ್ ಹೊರಬರುವ ಬದಿಯ ಮುಚ್ಚಳ) ಕಿತ್ತುಬರುತ್ತದೆ, ಇಲ್ಲವೇ ಪ್ಲಗ್ಗು ಹಾರುತ್ತದೆ. ಗೇಜು ಬೋರಿನ ಬದಿಯಲ್ಲಿದ್ದರೆ 250 ಎಂದೇ ತೋರಿಸುತ್ತಿರುತ್ತದೆ. ರಾಡನ್ನು ಪೂರ್ತಿ ಹೊರಚಾಚಿ ತುದಿಗೆ ನಿಲ್ಲಿಸಿ, ರಾಡಿನ ಬದಿಯ ಪೋರ್ಟನ್ನು ತೆರೆದು ಹೋಸ್ ಮೂಲಕ ಡಬ್ಬಕ್ಕೆ ಬಿಟ್ಟು, ಅಲ್ಲಿಂದ ಎಣ್ಣೆ ಹರಿಯುತ್ತದೆಯೇ ನೋಡುವುದು ಸರಿಯಾದ ಪರೀಕ್ಷೆ.

ಹೋಸು, ಫಿಟ್ಟಿಂಗು

‘ಅರ್ಧ ಇಂಚಿನ ಹೋಸ್ ಕೊಡಿ’ ಎಂದಷ್ಟೇ ಹೇಳಿ ತಂದರೆ ಸಾಲದು. ಒಂದು ಪದರ ತಂತಿಯ ಅರ್ಧ ಇಂಚಿನ ಹೋಸ್ (1ಎಸ್‌ಎನ್) 160 ಬಾರ್ ತಾಳುತ್ತದೆ, ಎರಡು ಪದರದ್ದು (2ಎಸ್‌ಎನ್) 275 ಬಾರ್. ಹೊರಗಿನಿಂದ ಎರಡೂ ಕಪ್ಪು ರಬ್ಬರೇ. ಇನ್ನೊಂದು ವಿಷಯ: ಅದೇ ಎರಡು ಪದರದ ಹೋಸ್ ಮುಕ್ಕಾಲು ಇಂಚಿನದಾದರೆ 215, ಒಂದು ಇಂಚಿನದಾದರೆ 165 ಬಾರಿಗೆ ಇಳಿಯುತ್ತದೆ. ದಪ್ಪ ಹೋಸ್ ಹೆಚ್ಚು ಗಟ್ಟಿ ಎಂಬ ನಂಬಿಕೆ ತಲೆಕೆಳಗು. ಹಿಟಾಚಿಯ ಬೂಮಿಗೆ ಒಂದು ಇಂಚಿನ ಹೋಸ್ ಬೇಕಾದರೆ ನಾಲ್ಕು ಪದರ ಸುರುಳಿ ತಂತಿಯ 4ಎಸ್‌ಎಚ್ ಬಗೆಯೇ ಬೇಕು. ಅದರ ಮಿತಿ 380 ಬಾರ್. ಹೋಸ್ ಒಡೆಯುವುದು ಮಿತಿಯ ನಾಲ್ಕು ಪಟ್ಟಿನಲ್ಲಿ ಎಂಬುದು ನಿಜ. ಆ ಅಂತರ ಇಟ್ಟಿರುವುದು ಒತ್ತಡದ ಏಟುಗಳಿಗೆ ಮತ್ತು ವಯಸ್ಸಿಗೆ. ಅದನ್ನು ನಾವು ಬಳಸಿಕೊಳ್ಳುವಂತಿಲ್ಲ.

ಹೋಸಿನ ಮೈಮೇಲೆ ತಯಾರಾದ ತ್ರೈಮಾಸಿಕ ಮತ್ತು ವರ್ಷ ಅಚ್ಚಾಗಿರುತ್ತದೆ. ಜರ್ಮನಿಯ ಡಿಐಎನ್ 20066 ಮಾನದಂಡ ಹೋಸಿಗೆ 6 ವರ್ಷ ಆಯುಸ್ಸು ಹೇಳುತ್ತದೆ, ಅಂಗಡಿಯಲ್ಲಿ ಕಳೆಯಬಹುದಾದ 2 ವರ್ಷವೂ ಸೇರಿ. ಉಪ್ಪಳ, ಕುಂಬಳೆಯ ಕಡಲ ಗಾಳಿಯಲ್ಲಿ ದುಡಿಯುವ ಯಂತ್ರಕ್ಕೆ ಅಷ್ಟೂ ಕಾಯುವುದು ಬೇಡ. ಹೊರರಬ್ಬರ್ ಸ್ವಲ್ಪ ಉಜ್ಜಿ ಹೋದರೂ ಉಪ್ಪಿನ ತೇವ ಒಳನುಗ್ಗಿ ತಂತಿಗೆ ತುಕ್ಕು ಹಿಡಿಸುತ್ತದೆ. ತಂತಿ ಕಂಡ ಹೋಸು, ಗುಳ್ಳೆ ಎದ್ದ ಹೋಸು, ಫಿಟ್ಟಿಂಗಿನ ಬುಡದಲ್ಲಿ ಒಸರುವ ಹೋಸು ಆ ದಿನವೇ ಹೊರಹೋಗಬೇಕು. ಇನ್ಸುಲೇಷನ್ ಟೇಪು, ಹಳೇ ಟ್ಯೂಬಿನ ತುಂಡು, ಜುಬಿಲಿ ಕ್ಲಿಪ್ಪು ಇವು ಒತ್ತಡದ ಲೈನಿಗೆ ಅಲ್ಲ.

ಕ್ರಿಂಪಿಂಗ್ ಮಾಡುವ, ಅಂದರೆ ಹೋಸಿನ ತುದಿಗೆ ಫಿಟ್ಟಿಂಗನ್ನು ಒತ್ತಿ ಕೂರಿಸುವ ಅಂಗಡಿಯಲ್ಲಿ ಎರಡು ಸಂಗತಿ ಗಮನಿಸಿ. ಹೋಸ್ ಫಿಟ್ಟಿಂಗಿನೊಳಗೆ ಪೂರ್ತಿ ಹೋಗಿದೆಯೇ ಎಂದು ಮೊದಲೇ ಗೆರೆ ಎಳೆದು ನೋಡುತ್ತಾರೆಯೇ, ಒತ್ತಿದ ಮೇಲೆ ವರ್ನಿಯರಿನಿಂದ ವ್ಯಾಸ ಅಳೆದು ಕಂಪೆನಿಯ ಚಾರ್ಟಿಗೆ ಹೋಲಿಸುತ್ತಾರೆಯೇ. ಇಲ್ಲವಾದರೆ ಬೇರೆ ಅಂಗಡಿ ನೋಡಿ. ಒಮ್ಮೆ ಒತ್ತಿದ ಹಳೇ ಫಿಟ್ಟಿಂಗನ್ನು ಕತ್ತರಿಸಿ ಮತ್ತೆ ಹಾಕಿದರೆ ಹಿಡಿತ ಇರುವುದಿಲ್ಲ. ಕಿತ್ತುಬಂದ ಹೋಸ್ ತುದಿಯ ಕಬ್ಬಿಣದೊಂದಿಗೆ ಚಾಟಿಯೇಟು ಕೊಡುತ್ತದೆ.

ಥ್ರೆಡ್ಡಿನ ಗೊಂದಲ ಇನ್ನೊಂದು ಕಂಟಕ. ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಮತ್ತು ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಒಂದರೊಳಗೊಂದು ತಿರುಗಿ ಹೋಗುತ್ತದೆ. ಆದರೆ ಥ್ರೆಡ್ಡಿನ ಕೋನ ಒಂದಕ್ಕೆ 55, ಮತ್ತೊಂದಕ್ಕೆ 60 ಡಿಗ್ರಿ. ಕೈಗೆ ಬಿಗಿ ಅನಿಸುತ್ತದೆ, ಒತ್ತಡಕ್ಕೆ ನಿಲ್ಲುವುದಿಲ್ಲ. ಕೋನ್ ಮುಖದ ಫಿಟ್ಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತುವುದು ವ್ಯರ್ಥ. ಸೀಲಾಗುವುದು ಕೋನಿನಲ್ಲಿ, ಥ್ರೆಡ್ಡಿನಲ್ಲಲ್ಲ. ಟೇಪಿನ ಎಳೆ ತುಂಡಾಗಿ ವಾಲ್ವಿಗೆ ಹೋಗಿ ಅದರೊಳಗೆ ಜಾರಾಡುವ ಸ್ಪೂಲನ್ನು ಸಿಕ್ಕಿಸುತ್ತದೆ, ಆಗ ಲಿವರ್ ಬಿಟ್ಟರೂ ಬೂಮ್ ನಿಲ್ಲುವುದಿಲ್ಲ. ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಬಳಸಿ. ಹೋಸಿನ ಮೈಮೇಲಿನ ಅಚ್ಚಿನ ಸಾಲು ನೇರವಾಗಿದ್ದರೆ ಹೋಸ್ ತಿರುಚಿಲ್ಲ ಎಂದರ್ಥ.

ರಿಲೀಫ್ ವಾಲ್ವಿನ ಸ್ಕ್ರೂ

‘ಯಂತ್ರಕ್ಕೆ ಬಲ ಕಡಿಮೆ’ ಎಂದು ಕೋರೆಯಿಂದ ಫೋನ್ ಬಂದಾಗ ರಿಲೀಫ್ ವಾಲ್ವಿನ ಸ್ಕ್ರೂವನ್ನು ಅರ್ಧ ಸುತ್ತು ಒಳಗೆ ತಿರುಗಿಸುವುದು ಎಲ್ಲೆಡೆ ಇರುವ ರೂಢಿ. ಬಲ ಕಡಿಮೆಯಾದದ್ದು ಸಾಮಾನ್ಯವಾಗಿ ಪಂಪು ಸವೆದು, ಸೀಲು ಹೋಗಿ, ಫಿಲ್ಟರ್ ಕಟ್ಟಿ ಅಥವಾ ಎಣ್ಣೆ ಕಾದು ತೆಳುವಾಗಿ. ಸ್ಕ್ರೂ ತಿರುಗಿಸಿದರೆ ಇವು ಯಾವುದೂ ಸರಿಯಾಗುವುದಿಲ್ಲ. ಎಲ್ಲ ಹೋಸಿನ, ಸಿಲಿಂಡರಿನ, ವೆಲ್ಡಿಂಗಿನ ಮೇಲಿನ ಭಾರ ಮಾತ್ರ ಏರುತ್ತದೆ. ಗೇಜು ಕೂರಿಸದೆ ಆ ಸ್ಕ್ರೂ ಮುಟ್ಟಬಾರದು. ಎಣ್ಣೆ ಕೆಲಸದ ಬಿಸಿಗೆ ಬಂದ ಮೇಲೆ ಅಳೆದು, ಕೈಪಿಡಿಯಲ್ಲಿ ಹೇಳಿದ ಅಂಕಿಗೆ ತಂದು, ಲಾಕ್ ನಟ್ ಬಿಗಿದು, ಮತ್ತೊಮ್ಮೆ ಅಳೆಯಿರಿ.

ಹಾಳೆತಟ್ಟೆಯ ಪ್ರೆಸ್ಸು

ಬದಿಯಡ್ಕ, ಪೆರ್ಲ ಕಡೆ ಮನೆಯಂಗಳದಲ್ಲೇ ನಡೆಯುವ ತಟ್ಟೆ ಘಟಕಗಳಲ್ಲಿ ಪವರ್ ಪ್ಯಾಕ್ ಚಿಕ್ಕದು, ಆದರೆ ಕೈ ಹೋಗುವುದು ಬಿಸಿ ಡೈಗಳ ನಡುವೆ, ಅದೂ ದಿನಕ್ಕೆ ನೂರಾರು ಸಲ. ಕಾಲಿನ ಪೆಡಲಿನಿಂದ ಪ್ರೆಸ್ ಇಳಿಯುವಂತಿದ್ದರೆ ಎರಡೂ ಕೈ ಸ್ವತಂತ್ರ, ಅದೇ ಅಪಾಯ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಎರಡು ಸ್ವಿಚ್ಚಿನ ವ್ಯವಸ್ಥೆಯನ್ನು ಯಾವ ಎಲೆಕ್ಟ್ರಿಷಿಯನ್ನಾದರೂ ಕೂರಿಸಿಕೊಡಬಲ್ಲರು. ಹಣ ಹಾಕುವುದಿದ್ದರೆ ಮೊದಲು ಅದಕ್ಕೆ ಹಾಕಿ. ಒಂದು ಸ್ವಿಚ್ಚಿಗೆ ಬೆಣೆ ಹೊಡೆದು ಒಂದೇ ಕೈಯಲ್ಲಿ ನಡೆಸಲು ಯಾರನ್ನೂ ಬಿಡಕೂಡದು. ಡೈ ಬದಲಿಸುವಾಗ ಎಂಸಿಬಿ ಇಳಿಸಿ, ಮೇಲಿನ ಡೈಯ ಕೆಳಗೆ ಕಬ್ಬಿಣದ ಬ್ಲಾಕ್ ಇಟ್ಟು, ಹೀಟರ್ ತಣಿದ ಮೇಲೆ ಕೈ ಹಾಕಿ. ಹೋಸ್‌ಗಳನ್ನು ಬಿಸಿ ಡೈಯಿಂದ ದೂರ ಸಾಗಿಸಿ, ನಡುವೆ ತಗಡಿನ ಮರೆ ಕೊಡಿ. ಹೈಡ್ರಾಲಿಕ್ ಎಣ್ಣೆ ಪಾತ್ರೆಯಲ್ಲಿದ್ದಾಗ ಹೊತ್ತಿಕೊಳ್ಳಲು 200 ಡಿಗ್ರಿ ಮೀರಬೇಕು, ಆದರೆ ಮಂಜಾಗಿ ಹಾರಿದಾಗ ಹೀಟರ್ ಕಾಯಿಲಿಗೋ ಎಂಜಿನ್ನಿನ ಟರ್ಬೋಗೋ ತಾಗಿ ಬಹಳ ಸುಲಭವಾಗಿ ಹೊತ್ತುತ್ತದೆ. ಪಕ್ಕದಲ್ಲೇ ಒಣ ಹಾಳೆಯ ರಾಶಿ ಇರುತ್ತದೆ. ಡ್ರೈ ಪೌಡರ್ ನಂದಕ ಬಾಗಿಲ ಬಳಿ ಇರಲಿ. ಎಣ್ಣೆಯ ಬೆಂಕಿಗೆ ನೀರು ಹೊಯ್ಯಬಾರದು.

ಮಳೆಗಾಲದ ಮಾತು ಒಂದು. ವರ್ಷಕ್ಕೆ 3500 ಮಿ.ಮೀ. ಸುಮಾರು ಮಳೆ ಬೀಳುವ ಜಿಲ್ಲೆಯಲ್ಲಿ ಬ್ರೀದರ್ ಕ್ಯಾಪ್ ಸಡಿಲ ಇದ್ದರೆ ಟ್ಯಾಂಕಿಗೆ ನೀರು ಸೇರುತ್ತದೆ, ಎಣ್ಣೆ ಹಾಲು ಬೆರೆಸಿದಂತೆ ಕಾಣುತ್ತದೆ. ಅಂಥ ಎಣ್ಣೆಯಲ್ಲಿ ವಾಲ್ವುಗಳಿಗೆ ತುಕ್ಕು ಹಿಡಿದು ಸ್ಪೂಲು ನಡುವೆ ಸಿಕ್ಕುತ್ತದೆ. ಬಣ್ಣ ಬದಲಾದ ಎಣ್ಣೆಯನ್ನು ತಳದ ಪ್ಲಗ್ಗಿನಿಂದ ಪೂರ್ತಿ ಬಸಿದು, ಫಿಲ್ಟರ್ ಸಮೇತ ಬದಲಿಸಿ.

ಮತ್ತೆ ಸ್ಟಾರ್ಟ್ ಮಾಡುವಾಗ

ರಿಪೇರಿ ಮುಗಿದ ಮೇಲಿನ ಮೊದಲ ಹತ್ತು ನಿಮಿಷ ಬಿಚ್ಚುವ ಹೊತ್ತಿನಷ್ಟೇ ಎಚ್ಚರ ಬೇಡುತ್ತದೆ. ಹೊಸ ಹೋಸಿನ, ಸಿಲಿಂಡರಿನ ಒಳಗೆ ಗಾಳಿ ಇರುತ್ತದೆ. ಟ್ಯಾಂಕಿಯ ಮಟ್ಟ ನೋಡಿ, ಎಂಜಿನನ್ನು ಐಡಲಿನಲ್ಲೇ ಇಟ್ಟು, ಭಾರವಿಲ್ಲದೆ ಸಿಲಿಂಡರನ್ನು ನಿಧಾನಕ್ಕೆ ಚಾಚಿ ಮಡಚಿ. ತುದಿಗೆ ಸ್ವಲ್ಪ ಮೊದಲೇ ನಿಲ್ಲಿಸಿ, ಐದಾರು ಸಲ. ಗಾಳಿ ಇರುವಾಗಲೇ ಪೂರ್ತಿ ಒತ್ತಡ ಕೊಟ್ಟರೆ ಗಾಳಿ-ಎಣ್ಣೆಯ ಮಿಶ್ರಣ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಸಿಲಿಂಡರಿನೊಳಗೇ ಹೊತ್ತಿ ಸೀಲನ್ನು ಸುಡುತ್ತದೆ. ಚಲನೆ ಎಳೆದೆಳೆದು ಬರುವುದು ನಿಂತ ಮೇಲೆ ವೇಗ ಏರಿಸಿ, ತುದಿಗೆ ಒತ್ತಿ ರಿಲೀಫ್ ಸದ್ದು ಬರುವವರೆಗೆ ಕೆಲವು ಸೆಕೆಂಡು ಹಿಡಿಯಿರಿ. ಈ ಹೊತ್ತಿನಲ್ಲಿ ಹೊಸ ಫಿಟ್ಟಿಂಗಿನ ಸಾಲಿನಲ್ಲಿ ಯಾರೂ ನಿಂತಿರಬಾರದು. ನೋಡುವವರು ಕ್ಯಾಬಿನ್ನಿನ ಆಚೆ ಬದಿಯಲ್ಲಿರಲಿ. ಆಮೇಲೆ ಬಕೆಟ್ ಊರಿ, ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಬಟ್ಟೆಯಿಂದ ಒರೆಸಿದ ಫಿಟ್ಟಿಂಗು ಒಣಗಿದೆಯೇ ನೋಡಿ, ಎಣ್ಣೆಯ ಮಟ್ಟ ಮತ್ತೆ ಸರಿಮಾಡಿ. ಕೋರೆಯಲ್ಲಿ 10 ಗಂಟೆ ದುಡಿದ ಮೇಲೆ ಅದೇ ಫಿಟ್ಟಿಂಗುಗಳನ್ನು ಇದೇ ಕ್ರಮದಲ್ಲಿ ಇನ್ನೊಮ್ಮೆ ನೋಡಲು ಡ್ರೈವರಿಗೆ ಹೇಳಿ ಕಳಿಸಿ.